ಮೂಳೆ ಆಪರೇಷನ್ ಆದ ಮೇಲೆ ಕೀವು ಆಗದಂತೆ ನೋಡಿಕೊಳ್ಳುವುದು, ಆದರೆ ಏನು ಮಾಡುವುದು: ಕೊಡಗಿನ ತೋಟದ ಮನೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಫೆಬ್ರವರಿಯಲ್ಲಿ ಕರಿಮೆಣಸು ಕುಯ್ಯುವಾಗ ಏಣಿ ಜಾರಿತು. ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರದ ಮೇಲಿಂದ ಹನ್ನೆರಡು ಅಡಿ ಕೆಳಗೆ ಬಿದ್ದೆ. ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದು, ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಗಾಯದ ಅಂಚಿನಲ್ಲಿ ಕೆಂಪು ಮಣ್ಣು, ಒಣಗಿದ ಸಿಲ್ವರ್ ಎಲೆಯ ಒಂದು ಚೂರು. ಅದೇ ರಾತ್ರಿ ಆಪರೇಷನ್ ಆಯ್ತು. ಒಳಗೆ ರಾಡ್ ಹಾಕಿದರು. ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಎಲ್ಲ ಮುಗಿಯಿತು ಅಂದುಕೊಂಡಾಗ ಕೀವು ಶುರುವಾಯಿತು.

ಆ ಕೀವಿಗಿಂತ ಜಾಸ್ತಿ ತೊಂದರೆ ಮಾಡಿದ್ದು ನಾನೇ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ಎರಡು ತಿಂಗಳು ಕಳೆದೆ. ಮಳೆಗಾಲದ ಮೊದಲು ಕೋಲು ಬಿಟ್ಟು ನಡೆಯಬೇಕಿದ್ದವನು ಮುಂದಿನ ಮೆಣಸು ಕೊಯ್ಲಿನವರೆಗೂ ಊರುಗೋಲು ಹಿಡಿದೆ. ಆ ಒಂದು ವರ್ಷದಲ್ಲಿ ಡಾಕ್ಟರುಗಳನ್ನು ಕೇಳಿ, ಓದಿ, ಅನುಭವಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ ಬೇರೆ ರೀತಿ ಹೇಳಿದರೆ ಅವರ ಮಾತೇ ನಡೆಯಲಿ. ನಿಮ್ಮ ಕಾಲನ್ನು ಒಳಗಿಂದ ನೋಡಿದವರು ಅವರು.

ಬಿದ್ದ ಮೊದಲ ಒಂದು ಗಂಟೆ

ಇನ್ಫೆಕ್ಷನ್ ತಡೆಯುವ ಕೆಲಸ ಆಪರೇಷನ್ ಥಿಯೇಟರಿನಲ್ಲಿ ಅಲ್ಲ, ತೋಟದಲ್ಲೇ ಶುರುವಾಗುತ್ತದೆ. ಚರ್ಮ ಹರಿಯದೆ ಒಳಗೇ ಮೂಳೆ ಮುರಿದಿದ್ದರೆ ಆಪರೇಷನ್ ನಂತರ ಇನ್ಫೆಕ್ಷನ್ ಆಗುವುದು ನೂರಕ್ಕೆ ಒಂದೋ ಎರಡೋ ಜನರಿಗೆ. ಚರ್ಮ ಹರಿದು ಮೂಳೆಗೆ ಗಾಳಿ ಮಣ್ಣು ತಾಗಿದರೆ ಲೆಕ್ಕವೇ ಬೇರೆ. ಮಾಂಸ ಜಜ್ಜಿಹೋದ ಕೆಟ್ಟ ಗಾಯಗಳಲ್ಲಿ ಅದು ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಮುರಿದ ಜಾಗದ ಹತ್ತಿರ ಸಣ್ಣ ತೂತಿನಷ್ಟು ಗಾಯ ಇದ್ದು ರಕ್ತ ಜಿನುಗುತ್ತಿದ್ದರೂ ಅದನ್ನು ತೆರೆದ ಮುರಿತ ಅಂತಲೇ ಎಣಿಸಿ. ಮೂಳೆ ಚುಚ್ಚಿ ಹೊರಗೆ ಬಂದು ಮತ್ತೆ ಒಳಗೆ ಹೋಗಿರಬಹುದು.

ಹೊರಗೆ ಬಂದ ಮೂಳೆಯನ್ನು ಒಳಗೆ ತಳ್ಳಬೇಡಿ. ಗಾಯವನ್ನು ಟ್ಯಾಂಕಿನ ನೀರಿನಲ್ಲೋ ತೋಡಿನ ನೀರಿನಲ್ಲೋ ಉಜ್ಜಿ ತೊಳೆಯಬೇಡಿ. ಮೇಲೆ ಕಾಣುವ ಎಲೆ ಕಡ್ಡಿ ತೆಗೆದರೆ ಸಾಕು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಸಲೈನ್ ಸಿಕ್ಕರೆ ಅದರಲ್ಲಿ ಒದ್ದೆ ಮಾಡಿದ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಲೆಬಟ್ಟೆ), ಇಲ್ಲದಿದ್ದರೆ ಒಗೆದು ಇಸ್ತ್ರಿ ಮಾಡಿಟ್ಟ ಹತ್ತಿ ಬಟ್ಟೆ ಮುಚ್ಚಿ ಕಟ್ಟಿ. ಆಮೇಲೆ ಯಾರಾದರೂ "ಗಾಯ ತೋರಿಸಿ" ಅಂದರೆ ಫೋಟೋ ತೋರಿಸಿ. ದಾರಿಯಲ್ಲಿ ನಾಲ್ಕು ಜನ ನಾಲ್ಕು ಸಲ ಬಿಚ್ಚಿ ನೋಡಿದರೆ ನಾಲ್ಕು ಸಲ ಕೊಳೆ ಸೇರುತ್ತದೆ.

ಕಾಫಿಪುಡಿ ವಿಷಯ ಹೇಳಲೇಬೇಕು. ರಕ್ತ ನಿಲ್ಲಿಸಲು ಕಾಫಿಪುಡಿ ಒತ್ತುವುದು ನಮ್ಮ ಕಡೆ ಅಭ್ಯಾಸ. ನನ್ನ ದೊಡ್ಡಪ್ಪ ಡಬ್ಬಿ ಹಿಡಿದುಕೊಂಡೇ ಓಡಿ ಬಂದಿದ್ದರು. ಕತ್ತಿ ತಾಗಿದ ಬೆರಳಿಗೆ ಏನು ಮಾಡಿಕೊಳ್ಳುತ್ತೀರೋ ನಿಮ್ಮಿಷ್ಟ, ಮೂಳೆ ಕಾಣುವ ಗಾಯಕ್ಕೆ ಕಾಫಿಪುಡಿ, ಅರಿಶಿನ, ಸುಣ್ಣ, ಬೂದಿ ಯಾವುದೂ ಬೇಡ. ಅದನ್ನೆಲ್ಲ ಆಮೇಲೆ ಸರ್ಜನ್ ಒಂದೊಂದು ಕಣವಾಗಿ ಕೆರೆದು ತೆಗೆಯಬೇಕು. ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಾಲು ಅಲ್ಲಾಡದಂತೆ ಹಲಗೆಯೋ ಅಡಿಕೆ ದಬ್ಬೆಯೋ ಕಟ್ಟಿ. ಕುಡಿಯಲು, ತಿನ್ನಲು ಏನೂ ಕೊಡಬೇಡಿ, ಅನಸ್ತೇಸಿಯಾ ಕೊಡಬೇಕಾಗುತ್ತದೆ. 108ಕ್ಕೆ ಫೋನ್ ಮಾಡಿ. ತೋಟದೊಳಗೆ ನೆಟ್‌ವರ್ಕ್ ಇಲ್ಲದಿದ್ದರೆ ಒಬ್ಬರನ್ನು ಮೇಲಿನ ರಸ್ತೆಗೆ ಓಡಿಸಿ.

ಇನ್ನೊಂದು ಮಾತು. ಇದು ಎಲ್ಲಕ್ಕಿಂತ ಮುಖ್ಯ. ತೆರೆದ ಮುರಿತಕ್ಕೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಒಂದು ಗಂಟೆಯೊಳಗೆ ರಕ್ತಕ್ಕೆ ಸೇರಿದರೆ ಒಳ್ಳೆಯದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ, ಅದರಲ್ಲಿ ಸಂಪಾಜೆ ಘಾಟಿ ಬೇರೆ. ಅಲ್ಲಿ ಹೋಗಿ ಕೊಡಿಸೋಣ ಅಂದರೆ ಮೂರು ಗಂಟೆ ಹೋಯಿತು. ಹಾಗಾಗಿ ಮೊದಲು ಸಿಗುವ ಆಸ್ಪತ್ರೆಯಲ್ಲೇ, ಅದು ತಾಲೂಕು ಆಸ್ಪತ್ರೆ ಆಗಲಿ, ಮಡಿಕೇರಿಯ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಆಗಲಿ, ಬೇರೆ ಕಡೆ ಕಳಿಸುವ ಮುಂಚೆ ಕೇಳಿ: "ಆ್ಯಂಟಿಬಯಾಟಿಕ್ ಮೊದಲ ಡೋಸ್ ಕೊಟ್ಟಿದ್ದೀರಾ? ಧನುರ್ವಾಯು ತಡೆಯುವ ಇಂಜೆಕ್ಷನ್ (ಟಿಟಿ) ಕೊಟ್ಟಿದ್ದೀರಾ? ಎಷ್ಟು ಗಂಟೆಗೆ ಅಂತ ಚೀಟಿಯಲ್ಲಿ ಬರೆದುಕೊಡಿ." ಮಣ್ಣು, ಗೊಬ್ಬರ ತಾಗಿದ ಗಾಯ ಅಂತ ತಪ್ಪದೇ ಹೇಳಿ. ಮಣ್ಣಿನ ಕೆಲವು ಕ್ರಿಮಿಗಳಿಗೆ ಬೇರೆ ಔಷಧಿಯೂ ಸೇರಿಸಬೇಕಾಗುತ್ತದೆ.

ಆಪರೇಷನ್‌ಗೆ ಮುಂಚೆ ನಿಮ್ಮ ಕೈಯಲ್ಲಿರುವುದು

ಚರ್ಮ ಹರಿಯದ ಮುರಿತಕ್ಕೆ ಎಷ್ಟೋ ಸಲ ಊತ ಇಳಿಯಲಿ ಅಂತ ಕೆಲವು ದಿನ ಕಾಯುತ್ತಾರೆ. ಮೇಲೆ ನೀರುಗುಳ್ಳೆ ಎದ್ದಿದ್ದರೆ ಇನ್ನೂ ಜಾಸ್ತಿ ದಿನ. "ಸುಮ್ನೆ ಮಲಗಿಸಿಟ್ಟು ಬಿಲ್ ಮಾಡ್ತಿದ್ದಾರೆ" ಅಂತ ಗಲಾಟೆ ಮಾಡಬೇಡಿ. ಊದಿದ ಚರ್ಮವನ್ನು ಕೊಯ್ದರೆ ಹೊಲಿಗೆ ಕೂಡುವುದಿಲ್ಲ. ಕೂಡದ ಹೊಲಿಗೆಯೇ ಕ್ರಿಮಿಗೆ ಬಾಗಿಲು.

ಆ ದಿನಗಳಲ್ಲಿ ಶುಗರ್ ಹಿಡಿತಕ್ಕೆ ತನ್ನಿ. ಆಪರೇಷನ್ ಆಸುಪಾಸಿನಲ್ಲಿ ರಕ್ತದ ಸಕ್ಕರೆ 200ರ ಒಳಗೆ ಇರಲೇಬೇಕು, 180ರ ಒಳಗಿದ್ದರೆ ಇನ್ನೂ ವಾಸಿ. ನನಗೆ ಶುಗರ್ ಇಲ್ಲ ಅನ್ನುವವರೂ ಒಮ್ಮೆ ನೋಡಿಸಿಕೊಳ್ಳಿ, ಎಷ್ಟೋ ಜನರಿಗೆ ಗೊತ್ತಾಗುವುದೇ ಮೂಳೆ ಮುರಿದಾಗ. ಬೀಡಿ ಸಿಗರೇಟ್ ಅವತ್ತೇ ನಿಲ್ಲಿಸಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ರಕ್ತ ಹೋಗದ ಕಡೆ ಔಷಧಿಯೂ ಹೋಗುವುದಿಲ್ಲ, ಮೂಳೆಯೂ ಕೂಡುವುದಿಲ್ಲ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೂ ಇದೇ ಮಾತು.

ಹಿಂದಿನ ದಿನ ಸೋಪು ಹಚ್ಚಿ ಮೈ ತೊಳೆಯಿಸಿಕೊಳ್ಳಿ. ಕಾಲಿನ ಕೂದಲನ್ನು ಮಾತ್ರ ಮನೆಯಲ್ಲಿ ರೇಜರ್ ಹಾಕಿ ಬೋಳಿಸಬೇಡಿ. ಬ್ಲೇಡು ಕಣ್ಣಿಗೆ ಕಾಣದ ಗೀರು ಮಾಡುತ್ತದೆ, ಗೀರಿನಲ್ಲಿ ಕ್ರಿಮಿ ಕೂರುತ್ತದೆ. ತೆಗೆಯಲೇಬೇಕಿದ್ದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರಿನಲ್ಲಿ ಕತ್ತರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದೇ ಸಂಸ್ಥೆ ಇನ್ನೊಂದು ಮಾತೂ ಹೇಳಿದೆ: ಇನ್ಫೆಕ್ಷನ್ ತಡೆಯುವ ಇಂಜೆಕ್ಷನ್ ಕೆಲಸ ಮಾಡುವುದು ಕೊಯ್ಯುವ ಮುಂಚೆ ಕೊಟ್ಟಾಗ, ಆಪರೇಷನ್ ಆದ ಮೇಲೆ ಅದನ್ನು ಎಳೆಯುವುದರಿಂದ ಲಾಭ ಇಲ್ಲ. ಚರ್ಮ ಹರಿಯದ ಮುರಿತಕ್ಕೆ ಒಂದೇ ದಿನದಲ್ಲಿ ಇಂಜೆಕ್ಷನ್ ನಿಲ್ಲಿಸಿದರೆ ಗಾಬರಿ ಬೇಡ. ವಾರಗಟ್ಟಲೆ ಕೊಟ್ಟರೆ ಉಳಿಯುವುದು ಔಷಧಿಗೆ ಬಗ್ಗದ ಕ್ರಿಮಿಗಳು.

ಒಳಗೆ ಲೋಹ ಇದೆ ಅಂದರೆ ಏನರ್ಥ

ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದೊಂದು ಗೊತ್ತಿರಬೇಕು. ನಮ್ಮ ಮೈಗೆ ಕ್ರಿಮಿ ಹೊಕ್ಕರೆ ರಕ್ತದಲ್ಲಿನ ಬಿಳಿ ಕಣಗಳು ಹೋಗಿ ಹೊಡೆಯುತ್ತವೆ. ಆದರೆ ಪ್ಲೇಟು, ಸ್ಕ್ರೂ, ರಾಡಿನೊಳಗೆ ರಕ್ತ ಓಡುವುದಿಲ್ಲ. ಕ್ರಿಮಿ ಅದರ ಮೇಲೆ ಕೂತು, ತನ್ನ ಸುತ್ತ ಒಂದು ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದಲ್ಲ, ಹಾಗೆ. ಶುರುವಿನಲ್ಲಿ ನೀರು ಹಾಕಿ ಪೊರಕೆ ಎಳೆದರೆ ಹೋಗುತ್ತದೆ. ಒಂದು ತಿಂಗಳು ಬಿಟ್ಟರೆ ಕೆರೆದರೂ ಜಾರುತ್ತದೆ. ಡಾಕ್ಟರುಗಳು ಇದನ್ನು ಬಯೋಫಿಲ್ಮ್ ಅನ್ನುತ್ತಾರೆ. ಕೆಲವೇ ಗಂಟೆ, ದಿನಗಳಲ್ಲಿ ಶುರುವಾಗಿ ವಾರಗಳಲ್ಲಿ ಬಲಿಯುತ್ತದೆ. ಬಲಿತ ಮೇಲೆ ಮಾತ್ರೆ ನುಂಗಿದರೆ ಹೊರಗೆ ಓಡಾಡುವ ಕ್ರಿಮಿ ಸಾಯುತ್ತವೆ, ಜ್ವರ ಇಳಿಯುತ್ತದೆ, ಕೀವು ಒಣಗುತ್ತದೆ. ಪಾಚಿಯೊಳಗಿನವು ಹಾಗೇ ಕೂತಿರುತ್ತವೆ. ನನಗೆ ಆಗಿದ್ದು ಸರಿಯಾಗಿ ಇದೇ.

ಅಂದಹಾಗೆ, ಕ್ರಿಮಿ ಕೊಲ್ಲುವ ದ್ರವ ಬಳಸುವ ಸರ್ಜರಿ ಹೆಸರು ಮಾಡಿದ್ದೇ ಇಂಥ ಒಂದು ಕಾಲಿನಿಂದ. 1865ರಲ್ಲಿ ಗ್ಲಾಸ್ಗೋದಲ್ಲಿ ಗಾಡಿ ಹರಿದು ಕಾಲು ಮುರಿದ 11 ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗನ ಗಾಯಕ್ಕೆ ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಕಾರ್ಬಾಲಿಕ್ ಆ್ಯಸಿಡ್ಡಿನಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಆಗೆಲ್ಲ ಮೂಳೆ ಹೊರಬಂದರೆ ಕಾಲು ಕತ್ತರಿಸುವುದು ಅಥವಾ ಸಾಯುವುದು. ಹುಡುಗ ಆರು ವಾರಕ್ಕೆ ಎದ್ದು ನಡೆದ.

ಮನೆಗೆ ಬಂದ ಮೇಲೆ: ಗಾಯ, ನೀರು, ಮಳೆ

ಮೊದಲ ಎರಡು ದಿನ ಆಸ್ಪತ್ರೆಯಲ್ಲಿ ಹಾಕಿದ ಡ್ರೆಸ್ಸಿಂಗ್ ಮುಟ್ಟಬೇಡಿ. ಅದು ನೆನೆದು ಹೊರಗೆ ಬಂದರೆ ಮಾತ್ರ ಬದಲಾಯಿಸಬೇಕು. ಆಮೇಲೆ ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ದಿನಾ ಬಿಚ್ಚಿ ಕಟ್ಟಿದರೆ ಬೇಗ ವಾಸಿ ಆಗುತ್ತದೆ ಅನ್ನುವುದು ತಪ್ಪು.

ನಮ್ಮ ಮನೆಯಲ್ಲಿ ಈ ಕೆಲಸ ನನ್ನ ಹೆಂಡತಿಯದು. ಅವಳು ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ಬೆಳಿಗ್ಗೆ ಹತ್ತು ಗಂಟೆಗೆ, ಕಿಟಕಿ ಬೆಳಕಿನಲ್ಲಿ. ಕಸ ಗುಡಿಸಿದ ಕೂಡಲೇ ಅಲ್ಲ, ಧೂಳು ಕೂತ ಮೇಲೆ. ಬಳೆ ತೆಗೆದಿಟ್ಟು, ಸೋಪು ಹಾಕಿ ಮೊಣಕೈವರೆಗೆ ತೊಳೆದು, ಕೈಯನ್ನು ಒರೆಸದೆ ಗಾಳಿಗೆ ಒಣಗಿಸುವುದು. ಹಳೆಯ ಪಟ್ಟಿ ಬಿಚ್ಚಿ ಕವರಿನೊಳಗೆ ಹಾಕುವುದು. ಮತ್ತೆ ಕೈ ತೊಳೆಯುವುದು. ಈ ಎರಡನೇ ಸಲದ್ದನ್ನೇ ಎಲ್ಲರೂ ಮರೆಯುವುದು. ಆಮೇಲೆ ಹೊಸ ಸಲೈನ್ ಬಾಟಲಿಯಲ್ಲಿ ಅದ್ದಿದ ಗಾಜ್ ಪಟ್ಟಿಯಿಂದ ಹೊಲಿಗೆಯ ಮೇಲೆ ಒಂದೇ ಸಲ, ಒಂದೇ ದಿಕ್ಕಿನಲ್ಲಿ ಒರೆಸಿ ಗಾಜ್ ಎಸೆಯುವುದು. ಹಿಂದಕ್ಕೆ ಮುಂದಕ್ಕೆ ತಿಕ್ಕುವಂತಿಲ್ಲ. ಒಣಗಿಸಿ ಹೊಸ ಪ್ಯಾಡ್ ಅಂಟಿಸುವುದು. ಬಿಚ್ಚಿದ ಗಾಜ್ ಪಟ್ಟಿಯನ್ನು ಎಸೆಯುವ ಮುಂಚೆ ಒಮ್ಮೆ ನೋಡುವುದು, ಒಮ್ಮೆ ಮೂಸುವುದು. ಹೇಸಿಗೆ ಅನ್ನಿಸಬಹುದು, ಆದರೆ ನನ್ನ ಇನ್ಫೆಕ್ಷನ್ ಮೊದಲು ಗೊತ್ತಾಗಿದ್ದು ಅವಳ ಮೂಗಿಗೆ.

ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಲು ಚೆಂದ. ಆದರೆ ಅದು ಹೊಸದಾಗಿ ಬೆಳೆಯುವ ಚರ್ಮವನ್ನೂ ಸುಡುತ್ತದೆ. ಆ್ಯಂಟಿಬಯಾಟಿಕ್ ಪೌಡರ್ ಉದುರಿಸುವುದೂ ಬೇಡ, ಗಟ್ಟಿಯಾಗಿ ಹೆಕ್ಕಳೆ ಕಟ್ಟಿ ಕೆಳಗಿನ ಕೀವನ್ನು ಮುಚ್ಚಿಡುತ್ತದೆ.

ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಸ್ನಾನ ಅಂದರೆ ಸ್ಟೂಲಿನ ಮೇಲೆ ಕೂತು, ಕಾಲನ್ನು ಇನ್ನೊಂದು ಸ್ಟೂಲಿನ ಮೇಲೆ ಚಾಚಿ, ಪ್ಲಾಸ್ಟಿಕ್ ಸುತ್ತಿ ಮೇಲಿನ ಮೈಗೆ ಮಾತ್ರ. ಹೊಲಿಗೆ ಬಿಚ್ಚಿ, ಗಾಯ ಪೂರ್ತಿ ಮುಚ್ಚಿ, ಡಾಕ್ಟರ್ ಸರಿ ಅಂದ ಮೇಲೆ ನೀರು ತಾಗಿಸಬಹುದು. ಹೊಳೆಗೆ, ಕೆರೆಗೆ ಇಳಿಯುವುದು ಇನ್ನೂ ಎಷ್ಟೋ ವಾರ ಆಚೆ.

ಜೂನ್ ಬಂತು ಅಂದರೆ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ. ಬಟ್ಟೆಯನ್ನು ಒಲೆ ಮೇಲೆ ಹರಡಿ ಒಣಗಿಸುವ ಕಾಲ. ಅರ್ಧ ಒಣಗಿದ, ಹೊಗೆ ವಾಸನೆಯ ಬಟ್ಟೆಯನ್ನು ಗಾಯದ ಪಟ್ಟಿಗೆ ಬಳಸಬೇಡಿ. ಪ್ಯಾಕೆಟ್ಟಿನ ಗಾಜ್ ತಂದು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಡಿ. ಕ್ರೇಪ್ ಬ್ಯಾಂಡೇಜ್ ಎರಡು ಇರಲಿ, ಒಂದು ಕಟ್ಟಿಕೊಳ್ಳಲು, ಒಂದು ಒಗೆದು ಪೂರ್ತಿ ಒಣಗಿಸಲು. ಪ್ಲಾಸ್ಟರ್ ಇದ್ದರೆ ಅದು ತೇವ ಹೀರಿ ಮೆತ್ತಗಾಗುತ್ತದೆ, ಒಳಗೆ ಚರ್ಮ ಬೆಂದಂತೆ ಬಿಳಿಚುತ್ತದೆ. ನೆನೆದರೆ ಅವತ್ತೇ ಹೋಗಿ ಬದಲಾಯಿಸಿ. ತುರಿಕೆ ಆಯಿತು ಅಂತ ಕಾಫಿ ಕಡ್ಡಿಯನ್ನು ಪ್ಲಾಸ್ಟರಿನೊಳಗೆ ತೂರಿಸಿ ಕೆರೆಯುವವರನ್ನು ನೋಡಿದ್ದೇನೆ. ಒಳಗೆ ಗೀರು ಬಿದ್ದರೆ ಯಾರಿಗೂ ಕಾಣುವುದಿಲ್ಲ, ಕೀವು ಹೊರಗೆ ಬರುವವರೆಗೆ. ಇಂಬಳ (ಜಿಗಣೆ) ಕಚ್ಚಿದ ಜಾಗವನ್ನೂ ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ಸೋಪಿನಲ್ಲಿ ತೊಳೆದು ಮುಚ್ಚಿ. ಅದಕ್ಕಿಂತ, ಗಾಯ ಆರುವವರೆಗೆ ತೋಟಕ್ಕೆ ಹೋಗದಿದ್ದರೆ ಆಯ್ತು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ನೀವು ನಿಂತು ನೋಡದಿದ್ದರೂ ನಡೆಯುತ್ತದೆ.

ಶುಗರ್ ಇರುವವರು ಮಳೆಗಾಲದ ಕೆಸರಿನಿಂದ ಇನ್ನೂ ದೂರ ಇರಬೇಕು. ಮೆಲಿಯಾಯ್ಡೋಸಿಸ್ ಅನ್ನುವ ಕಾಯಿಲೆಯ ಕ್ರಿಮಿ ಮಣ್ಣು ನೀರಿನಲ್ಲಿ ಬದುಕುತ್ತದೆ. ಪಕ್ಕದ ಕರಾವಳಿ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಪ್ರತಿ ವರ್ಷ ಕಾಣಿಸಿಕೊಳ್ಳುತ್ತದೆ, ಅದೂ ಹೆಚ್ಚಾಗಿ ಶುಗರ್ ಇರುವವರಲ್ಲಿ. ಮೂಳೆಗೂ ಇಳಿಯಬಲ್ಲದು. ಮಾಮೂಲಿ ಔಷಧಿಗೆ ಬಗ್ಗುವುದಿಲ್ಲ.

ಹೊರಗಿನಿಂದ ಕಂಬಿ ಹಾಕಿದವರಿಗೆ ಬೇರೆ ಪಾಠ. ಕಂಬಿ ಚರ್ಮದೊಳಗೆ ಹೋಗುವ ಪ್ರತಿ ತೂತೂ ಒಂದು ತೆರೆದ ಬಾಗಿಲು. ಎಷ್ಟು ದಿನಕ್ಕೊಮ್ಮೆ, ಯಾವ ದ್ರವದಲ್ಲಿ ಅನ್ನುವುದು ಡಾಕ್ಟರಿಂದ ಡಾಕ್ಟರಿಗೆ ಬೇರೆ. ಆದರೆ ಒಂದು ಕಂಬಿಗೆ ಒಂದು ಗಾಜ್ ಅನ್ನುವ ನಿಯಮ ಎಲ್ಲ ಕಡೆ ಒಂದೇ. ಒಂದರ ಕೊಳೆಯನ್ನು ಇನ್ನೊಂದಕ್ಕೆ ಸವರಬಾರದು. ಕಂಬಿಯ ಸುತ್ತ ಸ್ವಲ್ಪ ತಿಳಿನೀರು ಬಂದರೆ ಪರವಾಗಿಲ್ಲ. ಕೆಂಪಾಗಿ, ನೋವಾಗಿ, ಕಂಬಿ ಅಲ್ಲಾಡುತ್ತಿದ್ದರೆ ತೋರಿಸಬೇಕು.

ನಂಜು ಅನ್ನುವ ಪಥ್ಯ

ಬಿದ್ದವನ ಮನೆಗೆ ನೋಡಲು ಬರುವವರೆಲ್ಲ ಒಂದೊಂದು ಪಥ್ಯ ಹೇಳುತ್ತಾರೆ. ಬದನೆಕಾಯಿ ನಂಜು, ಕುಂಬಳ ನಂಜು, ಮೀನು ನಂಜು, ಹಂದಿಮಾಂಸವಂತೂ ದೊಡ್ಡ ನಂಜು, ಮೊಟ್ಟೆ ತಿಂದರೆ ಕೀವಾಗುತ್ತದೆ. ಅಮ್ಮ ಎಲ್ಲವನ್ನೂ ನಂಬಿದರು. ಮೂರು ವಾರ ನನಗೆ ಸಿಕ್ಕಿದ್ದು ಗಂಜಿ, ಉಪ್ಪಿನಕಾಯಿ, ತಿಳಿಸಾರು. ತೂಕ ನಾಲ್ಕು ಕಿಲೋ ಇಳಿಯಿತು.

ಕೀವು ಆಗುವುದು ಕ್ರಿಮಿಯಿಂದ, ಬದನೆಕಾಯಿಯಿಂದಲ್ಲ. ಗಾಯ ಕೂಡಲು, ಕ್ರಿಮಿಯ ಜೊತೆ ಹೊಡೆದಾಡಲು ಮೈಗೆ ಪ್ರೋಟೀನ್ ಬೇಕು. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ 70ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಬಟ್ಟಲು ಬೇಯಿಸಿದ ಬೇಳೆಯಲ್ಲಿ ಸುಮಾರು 7–8 ಗ್ರಾಂ. ಗಂಜಿ ಕುಡಿದು ಅಲ್ಲಿಗೆ ಮುಟ್ಟಲು ಆಗುವುದಿಲ್ಲ. ಮೊಟ್ಟೆ, ಮೀನು, ಕೋಳಿ, ಹೆಸರುಕಾಳು, ಕಡಲೆ, ಮೊಸರು ಎಲ್ಲ ತಿನ್ನಿ. ಅಕ್ಕಿರೊಟ್ಟಿ ಜೊತೆ ಪಂದಿಕರಿಯೂ ತಿನ್ನಬಹುದು, ಕೊಬ್ಬು ಕಡಿಮೆ ಇರುವ ತುಂಡು ಆರಿಸಿಕೊಂಡು. ಕಿಡ್ನಿ ತೊಂದರೆ ಇದ್ದವರು ಮಾತ್ರ ಮೊದಲು ಡಾಕ್ಟರನ್ನು ಕೇಳಿ. ನಿಲ್ಲಿಸಬೇಕಾದದ್ದು ಬ್ರಾಂದಿ, ಅದನ್ನು ಮಾತ್ರ ಯಾರೂ ನಂಜು ಅನ್ನಲಿಲ್ಲ.

ದಿನಾ ಎರಡು ನಿಮಿಷದ ಪರೀಕ್ಷೆ

ಮೊದಲ ಹತ್ತು ದಿನ ಸ್ವಲ್ಪ ಕೆಂಪು, ಊತ, ಬಿಸಿ, ತಿಳಿಗೆಂಪು ನೀರು ಇವೆಲ್ಲ ಇರುತ್ತವೆ. ನೋಡಬೇಕಾದದ್ದು ದಾರಿ ಎತ್ತ ಅನ್ನುವುದನ್ನು. ನಿನ್ನೆಗಿಂತ ಇವತ್ತು ಕಡಿಮೆಯಾ, ಜಾಸ್ತಿಯಾ? ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಹಾಕಿಡಿ. ಮರುದಿನ ಕೆಂಪು ಗೆರೆ ದಾಟಿದ್ದರೆ ಫೋನ್ ಮಾಡಿ. ಪ್ರತಿದಿನ ಒಂದೇ ಜಾಗದಿಂದ ಒಂದು ಫೋಟೋ.

ಜ್ವರ ನೋಡುವುದಾದರೆ ಮಾತ್ರೆ ನುಂಗುವ ಮುಂಚೆ ನೋಡಿ. ನೋವಿಗೆ ಕೊಟ್ಟ ಪ್ಯಾರಾಸಿಟಮಾಲ್ ಜ್ವರವನ್ನೂ ಮುಚ್ಚಿಡುತ್ತದೆ. "ಜ್ವರ ಇಲ್ವಲ್ಲ" ಅಂತ ನಾನು ಸಮಾಧಾನ ಮಾಡಿಕೊಂಡಿದ್ದು ದಿನಕ್ಕೆ ಮೂರು ಮಾತ್ರೆ ನುಂಗುತ್ತಾ. ಅಷ್ಟಕ್ಕೂ ಮೂಳೆ ಇನ್ಫೆಕ್ಷನ್ನಿನಲ್ಲಿ ಎಷ್ಟೋ ಸಲ ಜ್ವರ ಬರುವುದೇ ಇಲ್ಲ.

ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆ: ಹೊಲಿಗೆ ಬಾಯಿ ಬಿಡುವುದು, ಕೀವು, ಕೆಟ್ಟ ವಾಸನೆ, ಒಂದು ವಾರದ ನಂತರವೂ ನಿಲ್ಲದ ಸೋರಿಕೆ ಅಥವಾ ಒಮ್ಮೆ ಒಣಗಿ ಮತ್ತೆ ಶುರುವಾದ ಸೋರಿಕೆ, ಇಳಿದಿದ್ದ ನೋವು ಮತ್ತೆ ಏರುವುದು, ರಾತ್ರಿ ಬಡಿತದ ನೋವು, ಚಳಿಜ್ವರ. ಮೀನಖಂಡ ಗಟ್ಟಿಯಾಗಿ ಊದಿದರೆ ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು. ಅದಕ್ಕೂ ಕಾಯಬಾರದು.

ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ ಅನ್ನುವ ರಕ್ತಪರೀಕ್ಷೆ ಮಾಡಿಸುತ್ತಾರೆ. ಆಪರೇಷನ್ ಆದ ಎರಡು ಮೂರು ದಿನಕ್ಕೆ ಅದು ಎಲ್ಲರಲ್ಲೂ ಏರುತ್ತದೆ, ಎರಡು ಮೂರು ವಾರದಲ್ಲಿ ಮಾಮೂಲಿಗೆ ಬರುತ್ತದೆ. ಒಂದೇ ಸಂಖ್ಯೆ ನೋಡಿ ಹೆದರಬೇಡಿ. ಇಳಿದದ್ದು ಮತ್ತೆ ಏರಿತಾ ಅನ್ನುವುದು ಮುಖ್ಯ. ಹಳೆಯ ರಿಪೋರ್ಟ್ ಎಸೆಯಬೇಡಿ ಅನ್ನುವುದು ಅದಕ್ಕೇ.

ಕೀವು ಬಂದೇ ಬಿಟ್ಟರೆ

ಮಾರ್ಚ್ ಎರಡನೇ ವಾರ. ಹೂಮಳೆ ಬಿದ್ದು ಒಂಬತ್ತು ದಿನ, ಮನೆ ಸುತ್ತ ಕಾಫಿ ಹೂವು ಬಿಳಿಗೆ ಬಿರಿದಿತ್ತು. ಆ ಘಮದಲ್ಲಿ ಬೇರೇನೂ ಮೂಗಿಗೆ ತಾಗುವುದಿಲ್ಲ. ಗಾಜ್ ಬಿಚ್ಚಿದ ಹೆಂಡತಿ "ರೀ, ಇದು ಹೂವಿನ ವಾಸನೆ ಅಲ್ಲ" ಅಂದಳು. ಗಾಜ್ ಪಟ್ಟಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಹಳದಿ ಕಲೆ.

ನಾನು ಮಾಡಿದ್ದು: ಪೇಟೆಯ ಮೆಡಿಕಲ್ ಶಾಪಿಗೆ ಫೋನ್ ಮಾಡಿ, ಹತ್ತು ದಿನದ ಆ್ಯಂಟಿಬಯಾಟಿಕ್ ತರಿಸಿದೆ. ಒಣಗಿತು. ಗೆದ್ದೆ ಅಂದುಕೊಂಡೆ. ಏಪ್ರಿಲ್ ಕೊನೆಗೆ ಅದೇ ತೂತಿನಿಂದ ಮತ್ತೆ ಸೋರಿತು. ಉಳಿದ ಮಾತ್ರೆ ಐದು ದಿನ ನುಂಗಿದೆ. ಆಮೇಲೆ ಸರ್ಜನ್ ಹತ್ತಿರ ಹೋದೆ. ಅವರು ಬೈಯಲಿಲ್ಲ. "ಮೊದಲ ದಿನವೇ ಬಂದಿದ್ದರೆ ರಾಡ್ ಉಳಿಸಬಹುದಿತ್ತೇನೋ" ಅಂದರು ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ನೀವು ಮಾಡಬೇಕಾದದ್ದು ಇದು. ಯಾವ ಆ್ಯಂಟಿಬಯಾಟಿಕ್ಕನ್ನೂ ನುಂಗದೆ, ಆಪರೇಷನ್ ಮಾಡಿದ ಸರ್ಜನ್ ಹತ್ತಿರ ಹೋಗಿ. ಚಳಿಜ್ವರ, ತಲೆಸುತ್ತು, ಮಂಕು, ಏದುಸಿರು ಇದ್ದರೆ ಈ ಮಾತು ಅನ್ವಯಿಸುವುದಿಲ್ಲ, ಆಗ ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಚಿಕಿತ್ಸೆ ಆಗಬೇಕು. ಡಿಸ್ಚಾರ್ಜ್ ಚೀಟಿ, ಎಲ್ಲ ಎಕ್ಸ್‌ರೇ, ರಕ್ತಪರೀಕ್ಷೆ, ಯಾವ ಕಂಪನಿಯ ರಾಡ್ ಅನ್ನುವ ಸ್ಟಿಕರ್, ದಿನದಿನದ ಫೋಟೋ ಎಲ್ಲ ಒಂದು ಚೀಲದಲ್ಲಿ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಇದು ಇನ್ನೂ ಮುಖ್ಯ. ಸ್ಕ್ರೂ ಬಿಚ್ಚುವ ಸ್ಪ್ಯಾನರ್ ಕಂಪನಿಗೆ ಒಂದೊಂದು ಇರುತ್ತದೆ.

ಮೇಲಿಂದ ಹತ್ತಿಕಡ್ಡಿಯಲ್ಲಿ ಕೀವು ಒತ್ತಿ ತೆಗೆದು ಕಲ್ಚರಿಗೆ (ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ಯಾವುದು ಅಂತ ನೋಡುವ ಪರೀಕ್ಷೆಗೆ) ಕಳಿಸಿದರೆ ಚರ್ಮದ ಮೇಲಿನ ಕ್ರಿಮಿಯೇ ಸಿಕ್ಕಿ ದಾರಿ ತಪ್ಪಿಸಬಹುದು. 2018ರಲ್ಲಿ ಬೇರೆ ಬೇರೆ ದೇಶಗಳ ಮೂಳೆ ತಜ್ಞರು ಕೂತು ಒಪ್ಪಿಕೊಂಡ ಪ್ರಕಾರ, ಗಾಯ ಮೂಳೆ ಅಥವಾ ಲೋಹದವರೆಗೆ ತೆರೆದುಕೊಂಡಿದ್ದರೆ, ಕೀವು ಸುರಿಯುತ್ತಿದ್ದರೆ, ಅಥವಾ ಆಳದ ಎರಡು ಮಾದರಿಯಲ್ಲಿ ಒಂದೇ ಕ್ರಿಮಿ ಸಿಕ್ಕರೆ ಇನ್ಫೆಕ್ಷನ್ ಖಚಿತ. ಅದಕ್ಕೆ ಥಿಯೇಟರಿನಲ್ಲಿ ಬೇರೆ ಬೇರೆ ಜಾಗದಿಂದ, ಕನಿಷ್ಠ ಐದು ತುಂಡು ತೆಗೆದು ಕಳಿಸುತ್ತಾರೆ. ಆ್ಯಂಟಿಬಯಾಟಿಕ್ ಮೈಯಲ್ಲಿದ್ದರೆ ಕ್ರಿಮಿ ಬೆಳೆಯುವುದಿಲ್ಲ. ನನ್ನನ್ನು ಎರಡು ವಾರ ಏನೂ ಕೊಡದೆ ಕಾಯಿಸಿದ್ದು ಇದಕ್ಕೇ. ರಿಪೋರ್ಟ್ ಎರಡು ಮೂರು ದಿನಕ್ಕೆ ಬರುತ್ತದೆ, ನಿಧಾನಕ್ಕೆ ಬೆಳೆಯುವ ಕ್ರಿಮಿಗೆ ಎರಡು ವಾರವೂ ಬೇಕು. ತುಂಬ ದಿನದ ಸೋರಿಕೆ ಇದ್ದರೆ ಟಿಬಿ ಪರೀಕ್ಷೆಯೂ ಮಾಡಿಸುತ್ತೀರಾ ಅಂತ ಕೇಳಿ.

ಚಿಕಿತ್ಸೆ ಹೇಗೆ ನಡೆಯುತ್ತದೆ

ಮೂರು ಪ್ರಶ್ನೆಯ ಮೇಲೆ ನಿರ್ಧಾರ ನಿಲ್ಲುತ್ತದೆ. ಎಷ್ಟು ದಿನ ಆಯ್ತು? ಮೂಳೆ ಕೂಡಿದೆಯಾ? ಲೋಹ ಗಟ್ಟಿಯಾಗಿ ಹಿಡಿದಿದೆಯಾ?

ಆಪರೇಷನ್ ಆಗಿ ಕೆಲವೇ ವಾರ, ಲೋಹ ಗಟ್ಟಿ ಇದೆ ಅಂದರೆ, ಗಾಯ ತೆರೆದು ಸತ್ತ ಮಾಂಸ, ಸತ್ತ ಮೂಳೆ ಕೆರೆದು ತೆಗೆದು, ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆದು, ಲೋಹವನ್ನು ಹಾಗೇ ಬಿಟ್ಟು ಔಷಧಿ ಕೊಡಬಹುದು. ಇಲ್ಲಿ ಜನ ಕೇಳುವುದು "ಇನ್ಫೆಕ್ಷನ್ ಆದ ಕಬ್ಬಿಣ ಯಾಕೆ ಒಳಗೇ ಬಿಡುತ್ತೀರಿ?" ಅಂತ. ಯಾಕೆಂದರೆ ಮುರಿದ ಮೂಳೆ ಅಲ್ಲಾಡುತ್ತಿದ್ದರೆ ಇನ್ಫೆಕ್ಷನ್ ಹೋಗುವುದಿಲ್ಲ. ಕೀವು ಇದ್ದರೂ ಗಟ್ಟಿಯಾಗಿ ಹಿಡಿದ ಮೂಳೆ ಕೂಡಬಲ್ಲದು. ಕೂಡಿದ ಮೇಲೆ ತೆಗೆದರಾಯ್ತು.

ತಡವಾಗಿದ್ದರೆ, ಲೋಹ ಸಡಿಲವಾಗಿದ್ದರೆ ಅದನ್ನು ತೆಗೆದು ಬೇರೆ ಹಾಕಬೇಕು. ನನಗೆ ಮೇ ಮೂರನೇ ವಾರ ಹಳೆಯ ರಾಡ್ ತೆಗೆದು, ಮೂಳೆಯ ಕೊಳವೆ ಕೆರೆದು, ಆ್ಯಂಟಿಬಯಾಟಿಕ್ ಬೆರೆಸಿದ ಬೋನ್ ಸಿಮೆಂಟ್ (ಮೂಳೆ ಆಪರೇಷನ್ನಿಗೆ ಬಳಸುವ ಸಿಮೆಂಟ್) ಹೊದಿಸಿದ ರಾಡ್ ಹಾಕಿದರು. ಮೂಳೆಯಲ್ಲಿ ಖಾಲಿ ಜಾಗ ಉಳಿದರೆ ಅದೇ ಸಿಮೆಂಟಿನ ಗುಂಡುಗಳನ್ನು ತುಂಬುವುದೂ ಉಂಟು. ರಕ್ತ ಮುಟ್ಟದ ಜಾಗಕ್ಕೆ ಔಷಧಿಯನ್ನು ಅಲ್ಲೇ ಇಟ್ಟು ಬರುವ ಉಪಾಯ ಇದು. ದೊಡ್ಡ ತುಂಡು ಮೂಳೆಯೇ ಹೋದರೆ ಇಲಿಜರೋವ್ ಉಂಗುರ, ಅಂದರೆ ಕಾಲಿನ ಸುತ್ತ ಹೊರಗಿನಿಂದ ಹಾಕುವ ಲೋಹದ ಬಳೆಗಳು. ಸೈಬೀರಿಯಾದ ಕುರ್ಗಾನ್ ಎಂಬ ಊರಿನ ಡಾಕ್ಟರ್ ಕಂಡುಹಿಡಿದದ್ದು. ದಿನಕ್ಕೆ ಒಂದು ಮಿಲಿಮೀಟರ್, ಅದನ್ನೂ ನಾಲ್ಕು ಸಲ ಕಾಲು ಕಾಲು ತಿರುಗಿಸಿ, ಹೊಸ ಮೂಳೆಯನ್ನು ಎಳೆದು ಬೆಳೆಸುತ್ತಾರೆ. ತಿಂಗಳುಗಟ್ಟಲೆ ತಾಳ್ಮೆ ಬೇಕು. ಮೇಲೆ ಮುಚ್ಚಲು ಚರ್ಮ ಸಾಲದಿದ್ದರೆ ಪ್ಲಾಸ್ಟಿಕ್ ಸರ್ಜನ್ ಮಾಂಸ ಸಮೇತ ಚರ್ಮ ತಂದು ಹೊದಿಸಬೇಕಾಗುತ್ತದೆ. ಮೂಳೆ ಕಾಣುತ್ತಿದ್ದರೆ ಅದು ಅಲಂಕಾರವಲ್ಲ, ಚಿಕಿತ್ಸೆಯ ಅರ್ಧ ಭಾಗ.

ಔಷಧಿಯ ಲೆಕ್ಕ ಸಾಮಾನ್ಯವಾಗಿ ಹೀಗೆ: ಲೋಹ ಪೂರ್ತಿ ತೆಗೆದರೆ ಸುಮಾರು 6 ವಾರ, ಲೋಹ ಒಳಗೇ ಇದ್ದರೆ 12 ವಾರ. "ಅಷ್ಟೂ ದಿನ ಡ್ರಿಪ್ ಬೇಕಲ್ವಾ, ಮಾತ್ರೆಗೆ ಏನಾಗುತ್ತೆ" ಅನ್ನುವ ಅನುಮಾನ ನನಗೂ ಇತ್ತು. ಬ್ರಿಟನ್ನಿನಲ್ಲಿ ಮೂಳೆ, ಕೀಲು ಇನ್ಫೆಕ್ಷನ್ ಆದ 1,054 ಜನರ ಮೇಲೆ ಮಾಡಿದ, 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಮೊದಲ ಆರು ವಾರ ಮಾತ್ರೆ ಕೊಟ್ಟವರಿಗೂ ಡ್ರಿಪ್ ಕೊಟ್ಟವರಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಲ್ಚರಿಗೆ ಸರಿಹೊಂದುವ ಮಾತ್ರೆ ಆಗಬೇಕು, ತಪ್ಪದೇ ನುಂಗಬೇಕು, ಅಷ್ಟೇ.

ತಪ್ಪದೇ ನುಂಗುವುದರಲ್ಲೂ ಒಂದು ಸೂಕ್ಷ್ಮ ಇದೆ. ಮೂಳೆ ಮುರಿದವರಿಗೆಲ್ಲ ಕ್ಯಾಲ್ಸಿಯಂ ಮಾತ್ರೆ ಬರೆದಿರುತ್ತಾರೆ. ಸಿಪ್ರೋಫ್ಲಾಕ್ಸಾಸಿನ್ನಂಥ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಅದರ ಜೊತೆ ನುಂಗಿದರೆ ಹೊಟ್ಟೆಯಲ್ಲೇ ಎರಡೂ ಅಂಟಿಕೊಂಡು ಔಷಧಿ ರಕ್ತಕ್ಕೆ ಸೇರುವುದಿಲ್ಲ. ಹಾಲು, ಕಬ್ಬಿಣದ ಮಾತ್ರೆ, ಗ್ಯಾಸಿನ ಆ್ಯಂಟಾಸಿಡ್ ಕೂಡ ಹಾಗೇ. ನನಗೆ ಹೇಳಿದ್ದು: ಆ್ಯಂಟಿಬಯಾಟಿಕ್ ಬೆಳಿಗ್ಗೆ 8, ರಾತ್ರಿ 8. ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಜೊತೆ. ಸಿಪ್ರೋಫ್ಲಾಕ್ಸಾಸಿನ್ನಂಥ ಮಾತ್ರೆ ತಿನ್ನುವಾಗ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಹುರಿ) ನೋಯತೊಡಗಿದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಲಿನೆಜೊಲಿಡ್ ಅನ್ನುವ ಆ್ಯಂಟಿಬಯಾಟಿಕ್ ಎರಡು ವಾರ ದಾಟಿದರೆ ವಾರಕ್ಕೊಮ್ಮೆ ರಕ್ತಕಣ ಎಣಿಸಿ ನೋಡಬೇಕು. ರಿಫಾಂಪಿಸಿನ್ ಅನ್ನುವ ಇನ್ನೊಂದು ಆ್ಯಂಟಿಬಯಾಟಿಕ್ ಲೋಹದ ಮೇಲಿನ ಪಾಚಿಯನ್ನು ಭೇದಿಸುತ್ತದೆ, ಆದರೆ ಒಂಟಿಯಾಗಿ ಕೊಟ್ಟರೆ ಕ್ರಿಮಿ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬೇರೆ ಔಷಧಿಯ ಜೊತೆಯಲ್ಲೇ ಕೊಡುತ್ತಾರೆ. ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಗರ್ಭನಿರೋಧಕ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆಯ ಬಲವನ್ನು ಅದು ಇಳಿಸುತ್ತದೆ, ಮೊದಲೇ ಹೇಳಿ.

ರಿಫಾಂಪಿಸಿನ್ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕಣ್ಣೀರೂ ಹಾಗೇ. ಹೆದರಬೇಕಿಲ್ಲ. ನನ್ನ 12 ವಾರದ ಮಧ್ಯೆ ಕಕ್ಕಡ (ಕೊಡವರ ಮಳೆಗಾಲದ ತಿಂಗಳು) ಬಂತು. ಹದಿನೆಂಟನೇ ದಿನ, ಆಗಸ್ಟ್ 3, ಮನೆಯಲ್ಲಿ ಮದ್ದುಸೊಪ್ಪಿನ (ಆ ದಿನ ತಿನ್ನುವ ಔಷಧಿ ಸೊಪ್ಪಿನ) ಪಾಯಸ. ಅದನ್ನು ತಿಂದವರ ಮೂತ್ರವೂ ಕೆಂಪಾಗುತ್ತದೆ ಅಂತ ನಿಮಗೆ ಗೊತ್ತಲ್ಲ. ಮರುದಿನ ಮನೆಮಂದಿಯೆಲ್ಲ ಕೆಂಪು, ನಾನು ಎರಡು ಬಣ್ಣ ಸೇರಿದ್ದು. ಪಾಯಸ ತಿನ್ನಲು ಡಾಕ್ಟರ್ ಬೇಡ ಅನ್ನಲಿಲ್ಲ. ಸೊಪ್ಪನ್ನು ಅರೆದು ಗಾಯಕ್ಕೆ ಹಚ್ಚುವುದನ್ನು ಮಾತ್ರ ಬೇಡ ಅಂದರು.

ಖರ್ಚು, ಓಡಾಟ, ಆಮೇಲಿನ ವರ್ಷಗಳು

ಎರಡನೇ ಆಪರೇಷನ್ ಮೊದಲಿನದಕ್ಕಿಂತ ದುಬಾರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ, ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಯ ಕೆಲಸಕ್ಕೆ ನೆರವಾಗುವ ಸಿಬ್ಬಂದಿಯನ್ನು) ಕಂಡು ಏನೇನು ಸೇರುತ್ತದೆ, ರೆಫರಲ್ ಚೀಟಿ ಬೇಕಾ ಕೇಳಿ. ಆಮೇಲೆ ಕೇಳಿದರೆ ಕಷ್ಟ. ಮಳೆಗಾಲದಲ್ಲಿ ತಪಾಸಣೆಗೆ ಹೋಗುವ ದಿನ ರಸ್ತೆ ಮುಚ್ಚಬಹುದು, ಮಾತ್ರೆ ಯಾವಾಗಲೂ ಒಂದು ವಾರದ್ದು ಜಾಸ್ತಿ ಇಟ್ಟುಕೊಳ್ಳಿ.

ಔಷಧಿ ನಿಲ್ಲಿಸಿದ ಮೇಲೂ ಒಂದು ವರ್ಷ ತಪಾಸಣೆ ತಪ್ಪಿಸಬೇಡಿ. ಮೂಳೆಯ ಇನ್ಫೆಕ್ಷನ್ ಎಷ್ಟೋ ವರ್ಷದ ನಂತರವೂ ಏಳಬಹುದು. ಹಳೆಯ ಗಾಯದ ಮೇಲೆ ಮೊಡವೆಯಂತೆ ಎದ್ದು, ಒಡೆದು, ಒಣಗಿ, ಮತ್ತೆ ಎದ್ದರೆ ಅದು ಮೊಡವೆ ಅಲ್ಲ. ಆಗ ಬೇಕಾಗುವುದು ಹಳೆಯ ಎಕ್ಸ್‌ರೇ. ನಮ್ಮ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿಯುತ್ತವೆ. ಪ್ರತಿಯೊಂದನ್ನೂ ಕಿಟಕಿಗೆ ಹಿಡಿದು ಫೋಟೋ ತೆಗೆದು ಮಕ್ಕಳ ಮೊಬೈಲಿಗೂ ಕಳಿಸಿಡಿ. ಫಿಲ್ಮಿನ ಮಧ್ಯೆ ಒಂದೊಂದು ಬಿಳಿ ಕಾಗದ ಇಟ್ಟು, ಪ್ಲಾಸ್ಟಿಕ್ ಕವರಿಗೆ ಹಾಕಿ ಬೆಚ್ಚಗಿನ ಜಾಗದಲ್ಲಿಡಿ. ನನ್ನವು ಅಡುಗೆಮನೆ ಅಟ್ಟದಲ್ಲಿ, ಮೆಣಸಿನ ಚೀಲದ ಪಕ್ಕ ಇವೆ.